ಹಳೆಯ ಮೊಬೈಲು: ಬದಲಿಸುವದೋ, ಇನ್ನೊಂದು ಹಂಗಾಮು ನಡೆಸುವದೋ?

ಮನೆಯ ಎತ್ತು ಮುದಿಯಾಯಿತೆಂದು ಕಂಡಾಗ ಅದನ್ನು ಪೇಟೆಗೆ ಹೊಡೆಯಬೇಕೋ, ಇನ್ನೊಂದು ಹಂಗಾಮು ಹೂಡಬೇಕೋ ಎಂಬ ವಿಚಾರವನ್ನು ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಮುಗಿಸುತ್ತಿರಲಿಲ್ಲ. ಹಲ್ಲು ನೋಡುವರು, ಗೊರಸು ನೋಡುವರು, ಎರೆಯ ಹೊಲದಲ್ಲಿ ನಾಲ್ಕು ಸಾಲು ಕುಂಟೆ ಹೊಡೆದು ನೋಡುವರು. ವಯಸ್ಸನ್ನು ಕೇಳುವದಕ್ಕಿಂತ ಮುಂಚೆ ಕೆಲಸವನ್ನು ಕೇಳುವರು. ಇಂದು ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಒಕ್ಕಲಿಗರ ಮನೆಗಳಲ್ಲಿ ಅದೇ ಪ್ರಶ್ನೆ ಕಿಸೆಯೊಳಗಿನ ಮೊಬೈಲಿನ ಬಗ್ಗೆ ಏಳುತ್ತಿದೆ. ಮಗ ಹೊಸದು ಬೇಕೆನ್ನುತ್ತಾನೆ, ತಂದೆ ಇದೇ ಸಾಕೆನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ಕೆಲವು ಸಲ ಹುರುಳಿರುವದುಂಟು. ಯಾವಾಗ ಯಾರ ಮಾತು ಸರಿ ಎಂಬದನ್ನು ತಿಳಿಯುವ ಬಗೆ ಹೇಗೆಂದು ನಾವು ಈ ವಾರ ವಿಚಾರಿಸೋಣ.

ಒಕ್ಕಲುತನಕ್ಕೂ ಮೊಬೈಲಿಗೂ ಏನು ಸಂಬಂಧ?

ಮೊಬೈಲಿನ ಮಾತು ಒಕ್ಕಲುತನದ ಪುಟದಲ್ಲಿ ಏಕೆ ಎಂದು ಕೆಲವರು ಕೇಳಬಹುದು. ಮಹಾರಾಷ್ಟ್ರ ಸರಕಾರವು 2021ರ ಆಗಸ್ಟ್ 15ರಿಂದ ರಾಜ್ಯದಲ್ಲೆಲ್ಲ 'ಇ-ಪೀಕ ಪಾಹಣಿ' ಎಂಬ ಪದ್ಧತಿಯನ್ನು ಜಾರಿಗೆ ತಂದಿತು. ಮೊದಲು ತಲಾಠಿಯವರು ಬರೆದುಕೊಳ್ಳುತ್ತಿದ್ದ ಬೆಳೆಯ ನೋಂದನ್ನು ಈಗ ಒಕ್ಕಲಿಗನೇ ತನ್ನ ಹೊಲದಲ್ಲಿ ನಿಂತು, ಬೆಳೆಯ ಫೋಟೋ ತೆಗೆದು, ಮೊಬೈಲಿನಿಂದ ಮಾಡಬೇಕು. ಫೋನು ತಾನು ನಿಂತ ಸ್ಥಳವನ್ನು ಉಪಗ್ರಹಗಳ ಸಹಾಯದಿಂದ ಗುರುತಿಸಿಕೊಳ್ಳುವದು. ಈ ನೋಂದೇ ಮುಂದೆ ಸಾತ್-ಬಾರಾ ಉತಾರದಲ್ಲಿ ಏರುವದು. ತೊಗರಿಯನ್ನು ಆಧಾರ ಬೆಲೆಗೆ ಹಾಕುವಾಗ, ಬೆಳೆ ಸಾಲ ಕೇಳುವಾಗ, ಅತಿವೃಷ್ಟಿಯ ಪರಿಹಾರ ಬಂದಾಗ ಅಧಿಕಾರಿಗಳು ಮೊದಲು ತೆರೆದು ನೋಡುವದು ಅದನ್ನೇ. ಹೊಲದಲ್ಲಿ ತೊಗರಿ ಎದೆಮಟ್ಟ ಬೆಳೆದಿದ್ದರೂ ಕಾಗದದಲ್ಲಿ ಬೆಳೆಯಿಲ್ಲದಿದ್ದರೆ ಒಕ್ಕಲಿಗನ ಮಾತು ನಿಲ್ಲುವದು ಕಷ್ಟ.

ಆದುದರಿಂದ ಮುದಿ ಮೊಬೈಲು ಹೊಲದ ಬದುವಿನ ಮೇಲೆ ಕೈಕೊಟ್ಟರೆ ಅದು ಹಾಡು ಕೇಳುವವನ ತೊಂದರೆಯಷ್ಟೇ ಆಗಿ ಉಳಿಯುವದಿಲ್ಲ, ಹಂಗಾಮಿನ ಹಾನಿಯಾಗುವದು. ಇತ್ತ ಎಂಟು ಹತ್ತು ಸಾವಿರ ರೂಪಾಯಿಯನ್ನು ಅನಾವಶ್ಯಕವಾಗಿ ಹೊಸ ಫೋನಿಗೆ ಸುರಿದರೆ ಅದೂ ಗೊಬ್ಬರ-ಬೀಜದ ರೊಕ್ಕವೇ. ಎರಡೂ ಕಡೆಗೆ ನಷ್ಟವಿರುವಾಗ ತೂಗಿ ನೋಡುವದು ಒಳ್ಳೆಯದು.

ಮೊದಲು ಕೆಲಸಗಳ ಯಾದಿ ಮಾಡಿರಿ

ಒಂದು ಕಾಗದ ತೆಗೆದುಕೊಂಡು ಮನೆಯಲ್ಲಿ ಆ ಫೋನಿನಿಂದ ಆಗುವ ಕೆಲಸಗಳನ್ನು ಬರೆಯಿರಿ. ನಂತರ ಪ್ರತಿಯೊಂದರ ಎದುರಿಗೆ 'ಇದಕ್ಕೆ ದೊಡ್ಡ ಫೋನೇ ಬೇಕೋ?' ಎಂದು ಕೇಳಿಕೊಳ್ಳಿರಿ. ಇಲ್ಲಿ ಅನೇಕರು ಫೋನನ್ನೂ ನಂಬರನ್ನೂ ಒಂದೇ ಎಂದು ತಿಳಿಯುತ್ತಾರೆ. ಬ್ಯಾಂಕಿಗೂ ಆಧಾರಕ್ಕೂ ಜೋಡಿಸಿರುವದು ನಂಬರು. ಓಟಿಪಿ ಎಂಬ ಗುಪ್ತ ಅಂಕಿ ಬರುವದು ಆ ನಂಬರಿನ ಸಿಮ್ಮಿಗೆ. ಆ ಸಿಮ್ಮು ಗುಂಡಿಯ ಸಣ್ಣ ಫೋನಿನಲ್ಲಿದ್ದರೂ ಅಂಕಿ ಬಂದೇ ಬರುವದು. ಸಣ್ಣ ಫೋನಿನಿಂದಲೂ ರೊಕ್ಕ ಕಳಿಸುವ ಅನುಕೂಲವಿದೆ: ರಿಜರ್ವ್ ಬ್ಯಾಂಕು 2022ರ ಮಾರ್ಚ್ 8ರಂದು 'ಯುಪಿಐ 123ಪೇ' ಎಂಬ ವ್ಯವಸ್ಥೆಯನ್ನು ಆರಂಭಿಸಿದ್ದು ಇಂಥ ಫೋನುಗಳ ಸಲುವಾಗಿಯೇ.

ಬೆಳೆಯ ನೋಂದಿಗೆ ಮಾತ್ರ ಕ್ಯಾಮೆರಾ, ಸ್ಥಳ ಗುರುತು, ಇಂಟರ್ನೆಟ್ಟು ಮೂರೂ ಇರುವ ಫೋನು ಬೇಕು. ಆದರೆ ಒಂದೇ ಮೊಬೈಲಿನಿಂದ ಹಲವು ಖಾತೆದಾರರ ನೋಂದು ಮಾಡಲಿಕ್ಕೆ ಬರುವದು. ಅಣ್ಣತಮ್ಮಂದಿರ, ನೆರೆಹೊಲದವರ ಒಳ್ಳೆಯ ಫೋನಿನಿಂದ ನಿಮ್ಮ ಗಟ್ ನಂಬರಿನ ನೋಂದು ಮಾಡಿಕೊಂಡರೆ ಯಾವ ಅಡ್ಡಿಯೂ ಇಲ್ಲ. ಇಷ್ಟನ್ನು ತಿಳಿದವನಿಗೆ ಹೊಸ ಫೋನಿನ ಅವಸರ ಅರ್ಧ ಇಳಿಯುವದು.

ಬೇನೆ ಎಲ್ಲಿದೆ ನೋಡಿರಿ

'ಫೋನು ಹಳತಾಯಿತು' ಎಂಬುದು ಬೇನೆಯ ಹೆಸರಲ್ಲ. ದನದ ವೈದ್ಯನು 'ಎತ್ತು ಹಳತಾಗಿದೆ' ಎಂದು ಹೇಳಿ ಹೋದರೆ ನೀವು ಒಪ್ಪುವದಿಲ್ಲ. ಮೊಬೈಲಿನಲ್ಲಿ ಸಾಮಾನ್ಯವಾಗಿ ಕಾಣುವ ಬೇನೆಗಳು ನಾಲ್ಕು. ಅವುಗಳಲ್ಲಿ ಮೂರಕ್ಕೆ ಔಷಧವಿದೆ, ಒಂದಕ್ಕೆ ಇಲ್ಲ.

ಮೊದಲನೆಯದು ಚಾರ್ಜು ಏರದಿರುವದು. ಇದನ್ನು ಕಂಡ ಕೂಡಲೆ ಬ್ಯಾಟರಿ ಸತ್ತಿತೆಂದು ತಿಳಿಯಬೇಡಿರಿ. ಬೇರೆ ವಾಯರು, ಬೇರೆ ಚಾರ್ಜರು ಹಚ್ಚಿ ನೋಡಿರಿ. ಕಿಸೆಯಲ್ಲಿಯ ಅರಳೆಯ ಎಳೆ, ಹೊಲದ ಧೂಳು, ರಾಶಿಯ ಹೊಟ್ಟು ಚಾರ್ಜಿನ ತೂತಿನಲ್ಲಿ ಕೂತು ಗಟ್ಟಿಯಾಗುವದುಂಟು. ಫೋನನ್ನು ಪೂರ್ಣ ಬಂದು ಮಾಡಿ, ಒಣಗಿದ ಸಣ್ಣ ಕಟ್ಟಿಗೆಯ ಕಡ್ಡಿಯಿಂದ ಮೆಲ್ಲಗೆ ಆ ಕಸವನ್ನು ತೆಗೆಯಿರಿ. ಸೂಜಿ, ಪಿನ್ನು ಮುಂತಾದ ಲೋಹದ ವಸ್ತು ಹಾಕಲೇಬಾರದು. ಖರ್ಚಿಲ್ಲದೆ ವಾಸಿಯಾಗುವ ಬೇನೆ ಇದು.

ಎರಡನೆಯದು ಬ್ಯಾಟರಿಯ ಮುಪ್ಪು. ಮೊಬೈಲಿನಲ್ಲಿರುವದು ಲಿಥಿಯಂ-ಅಯಾನ್ ಬ್ಯಾಟರಿ. ಅದರೊಳಗೆ ಲಿಥಿಯಂನ ಕಣಗಳು ಚಾರ್ಜು ಮಾಡುವಾಗ ಒಂದು ಬದಿಗೆ, ಬಳಸುವಾಗ ಇನ್ನೊಂದು ಬದಿಗೆ ಓಡಾಡುತ್ತವೆ. ಪ್ರತಿ ಸುತ್ತಿನಲ್ಲಿಯೂ ಸ್ವಲ್ಪ ಸ್ವಲ್ಪ ಕಣಗಳು ಒಳಗೇ ಸಿಕ್ಕಿಬಿದ್ದು ನಿರುಪಯೋಗಿಯಾಗುವವು. ಸುಮಾರು 500 ಪೂರ್ಣ ಸುತ್ತುಗಳಾದ ಮೇಲೆ ಸಾಧಾರಣ ಬ್ಯಾಟರಿಯ ಶಕ್ತಿ ಹೊಸತರ 100ಕ್ಕೆ 80ರಷ್ಟು ಉಳಿಯುವದು. ದಿನಕ್ಕೊಂದು ಸುತ್ತು ಹಿಡಿದರೆ ಇದು ಒಂದೂವರೆ ವರ್ಷದೊಳಗಿನ ಮಾತು. ಕೆಲವು ಹೊಸ ಬ್ಯಾಟರಿಗಳು ಇದಕ್ಕಿಂತ ಹೆಚ್ಚು ಸುತ್ತು ತಾಳುತ್ತವೆ.

ಬ್ಯಾಟರಿ ಮುಪ್ಪಾದಂತೆ ಅದು ಒಮ್ಮೆಲೆ ಹೆಚ್ಚು ಶಕ್ತಿ ಕೊಡಲಾರದು. ಮುದಿ ಎತ್ತು ಸಮ ನೆಲದಲ್ಲಿ ನಡೆದು ಏರಿನಲ್ಲಿ ನಿಂತುಬಿಡುವಂತೆ, ಅಂಥ ಫೋನು ಮನೆಯಲ್ಲಿ ಚೆನ್ನಾಗಿದ್ದು ಹೊಲದಲ್ಲಿ ಕ್ಯಾಮೆರಾ, ಸ್ಥಳ ಗುರುತು, ಇಂಟರ್ನೆಟ್ಟು ಮೂರನ್ನೂ ಕೂಡಿಯೇ ಹಚ್ಚಿದಾಗ 30 ಅಂಶ ಚಾರ್ಜು ಇರುವಾಗಲೇ ಆರಿಹೋಗುವದು. ನಿಮ್ಮ ಫೋನು ಹೀಗೆ ಮಾಡುತ್ತಿದ್ದರೆ ಬೇನೆ ಬ್ಯಾಟರಿಯದೇ ಎಂದು ಬಹುಮಟ್ಟಿಗೆ ತಿಳಿಯಬಹುದು. ಬ್ಯಾಟರಿ ಹಾಕಿಸಿದರೆ ಫೋನು ಮತ್ತೆ ಒಂದೆರಡು ವರ್ಷ ನಡೆಯುವದು. ಕಂಪನಿಯ ಸೇವಾ ಕೇಂದ್ರದಲ್ಲಿ ಹಾಕಿಸುವದು ಉತ್ತಮ, ಕಳಪೆ ಬ್ಯಾಟರಿ ಹಾಕಿಸಿಕೊಂಡರೆ ಆರು ತಿಂಗಳಿಗೆ ಮತ್ತೆ ಅದೇ ಪಾಡು.

ಬ್ಯಾಟರಿಗೆ ದೊಡ್ಡ ವೈರಿ ಕಾವು. ನಮ್ಮ ಕಡೆಗೆ ಬೇಸಿಗೆಯಲ್ಲಿ ಬಿಸಿಲು 40 ಅಂಶ ದಾಟುವದು. ಬಾವಿಯ ಮೇಲಿನ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ, ಟ್ರಾಕ್ಟರಿನ ಮುಂಭಾಗದಲ್ಲಿ, ತಗಡಿನ ಕೆಳಗೆ ಫೋನಿಟ್ಟು ಚಾರ್ಜು ಮಾಡುವದನ್ನು ಬಿಡಬೇಕು. ಬ್ಯಾಟರಿ ಉಬ್ಬಿ ಫೋನಿನ ಬೆನ್ನು ಎದ್ದಿದ್ದರೆ ಆ ದಿನದಿಂದಲೇ ಅದನ್ನು ಚಾರ್ಜು ಮಾಡಬಾರದು. ಒತ್ತಬಾರದು, ಚುಚ್ಚಬಾರದು, ಮಕ್ಕಳ ಕೈಗೆ ಕೊಡಬಾರದು. ಬೆಂಕಿ ಹತ್ತುವ ಭಯವಿದೆ.

ಮೂರನೆಯದು ಜಾಗದ ಕೊರತೆ. ಹಗೇವಿನಲ್ಲಿ ಹೊಸ ಜೋಳ ಹಾಕಬೇಕಾದರೆ ಹಳೆಯದನ್ನು ತೆಗೆಯಲೇಬೇಕು. ಫೋನು ನಿಧಾನವಾಗಲು, ಫೋಟೋ ಉಳಿಯದಿರಲು, ಆ್ಯಪ್ ಹೊಸದಾಗದಿರಲು ಅನೇಕ ಸಲ ಕಾರಣ ಇಷ್ಟೇ: ಜಾಗ ತುಂಬಿದೆ. ದಿನ ಬೆಳಗಾದರೆ ಬರುವ ಶುಭೋದಯದ ಚಿತ್ರಗಳು, ಮದುವೆಯ ವೀಡಿಯೋಗಳು ವಾಟ್ಸಪ್ಪಿನೊಳಗೆ ತಾವಾಗಿಯೇ ಇಳಿದು ಕೂಡುತ್ತವೆ. ತಾವಾಗಿಯೇ ಇಳಿಯುವದನ್ನು ಅದರ ಸೆಟ್ಟಿಂಗಿನಲ್ಲಿ ನಿಲ್ಲಿಸಿರಿ. ದೊಡ್ಡ ವೀಡಿಯೋಗಳನ್ನು ತೆಗೆದುಹಾಕಿರಿ. ಒಟ್ಟು ಜಾಗದ ಹತ್ತನೆಯ ಒಂದು ಪಾಲಾದರೂ ಬರಿದಾಗಿರಲಿ. ಮನೆಯ ಕಲಿತ ಮಗ-ಮಗಳಿಗೆ ಒಂದು ತಾಸಿನ ಕೆಲಸವಿದು.

ವಾಸಿಯಾಗದ ಬೇನೆ

ನಾಲ್ಕನೆಯ ಬೇನೆ ಕಣ್ಣಿಗೆ ಕಾಣುವದಿಲ್ಲ. ಫೋನು ಹೊಳೆಯುತ್ತಿರಬಹುದು, ಬ್ಯಾಟರಿ ಗಟ್ಟಿಯಿರಬಹುದು. ಆದರೆ ಅದರೊಳಗಿನ ಆಂಡ್ರಾಯ್ಡಿಗೆ ಕಂಪನಿಯು ಭದ್ರತೆಯ ತೇಪೆಗಳನ್ನು ಕಳಿಸುವದನ್ನು ನಿಲ್ಲಿಸಿರಬಹುದು. ಕಳ್ಳರು ದಿನವೂ ಹೊಸ ಹೊಸ ಕಿಂಡಿಗಳನ್ನು ಹುಡುಕುತ್ತಾರೆ, ಕಂಪನಿಗಳು ಆ ಕಿಂಡಿಗಳನ್ನು ಮುಚ್ಚುತ್ತ ಹೋಗುತ್ತವೆ. ಮುಚ್ಚುವವರು ಕೈಬಿಟ್ಟ ಫೋನು ಬೇಲಿಯಿಲ್ಲದ ಹೊಲದಂತೆ. ದನ ಇಂದೇ ನುಗ್ಗಬೇಕೆಂದಿಲ್ಲ, ನುಗ್ಗಿದಾಗ ತಡೆಯುವದು ಏನೂ ಇಲ್ಲ.

ಇದನ್ನು ನೋಡುವದು ಸುಲಭ. ಸೆಟ್ಟಿಂಗಿನೊಳಗೆ 'ಫೋನಿನ ಬಗ್ಗೆ' ಎಂಬಲ್ಲಿ ಆಂಡ್ರಾಯ್ಡಿನ ಆವೃತ್ತಿಯ ಅಂಕಿ, ಭದ್ರತೆಯ ತೇಪೆಯ ತಾರೀಖು ಎರಡೂ ಇರುತ್ತವೆ. ಆ ತಾರೀಖು ಒಂದು ವರ್ಷಕ್ಕಿಂತ ಹಿಂದಿನದಿದ್ದು, ಹೊಸ ತೇಪೆ ಹುಡುಕಿದರೂ ಬಾರದಿದ್ದರೆ ಕಂಪನಿಯು ಬಹುತರ ಕೈಬಿಟ್ಟಿದೆ ಎಂದು ತಿಳಿಯಿರಿ. ಮುಂದೆ ಬ್ಯಾಂಕಿನ ಆ್ಯಪುಗಳು, ವಾಟ್ಸಪ್ಪು ಮೊದಲಾದವು ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ಬಿಡುತ್ತ ಬರುತ್ತವೆ.

ಹಾಗಾದರೆ ಕೂಡಲೆ ಎಸೆಯಬೇಕೆ? ಅದೂ ಇಲ್ಲ. ಅದರಲ್ಲಿ ರೊಕ್ಕದ ಕೆಲಸವನ್ನು ಮಾತ್ರ ನಿಲ್ಲಿಸಿರಿ. ಬ್ಯಾಂಕಿನ ಆ್ಯಪ್, ಯುಪಿಐ ತೆಗೆದುಹಾಕಿರಿ. ಹವೆಯ ಮುನ್ಸೂಚನೆ, ಪೇಟೆಯ ಧಾರಣೆ, ಮಾತುಕತೆಗೆ ಅದು ಇನ್ನೂ ಬಾಳುವದು. ಮನೆಯಲ್ಲಿ ರೊಕ್ಕದ ಕೆಲಸಕ್ಕೆ ಅದೊಂದೇ ಫೋನಿದ್ದರೆ ಮಾತ್ರ ಬದಲಿಸುವ ಕಾಲ ಬಂದಿತೆಂದು ತಿಳಿಯಬೇಕು. ನಮ್ಮ ಮತದಲ್ಲಿ ಹೊಸ ಫೋನಿಗೆ ಇದಕ್ಕಿಂತ ಬಲವಾದ ಕಾರಣ ಬೇರೊಂದಿಲ್ಲ.

5ಜಿಯ ಮಾತು

ಅಂಗಡಿಕಾರನು ಹೇಳುವ ಕಾರಣ ಬಹುತರ 5ಜಿ. ನಮ್ಮ ದೇಶದಲ್ಲಿ 5ಜಿ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಅದರಿಂದ 4ಜಿ ನಿಂತಿಲ್ಲ. ಜಿಯೋ ಕಂಪನಿ 2016ರಲ್ಲಿ ಆರಂಭವಾದಂದಿನಿಂದ ಬೇರೂರಿದ್ದೇ 4ಜಿಯ ಮೇಲೆ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರಿನಲ್ಲಿ ದೇಶಕ್ಕೆ ಒಪ್ಪಿಸಿತು. ಬೆಳೆಯ ನೋಂದಿಗೆ, ರೊಕ್ಕ ಕಳಿಸಲಿಕ್ಕೆ 4ಜಿ ಧಾರಾಳ ಸಾಕು. ಆದುದರಿಂದ ಚೆನ್ನಾಗಿ ನಡೆಯುವ 4ಜಿ ಫೋನನ್ನು 5ಜಿಯ ಆಸೆಗೆ ಬದಲಿಸುವದು ಬೇಡ. ಬೇರೆ ಕಾರಣಕ್ಕೆ ಹೇಗೂ ಹೊಸದನ್ನು ಕೊಳ್ಳುವಿರಾದರೆ, ಅದು ನಾಲ್ಕೈದು ವರ್ಷ ಬಾಳಬೇಕಾದ್ದರಿಂದ, 5ಜಿಯದನ್ನೇ ಕೊಳ್ಳುವದು ಯುಕ್ತ.

ತಿಂಗಳ ಲೆಕ್ಕ

ದುರಸ್ತಿಯೋ, ಹೊಸದೋ ಎಂಬದನ್ನು ತಿಂಗಳಿನ ಲೆಕ್ಕದಿಂದ ನೋಡಿರಿ. ತಿಳಿವಳಿಕೆಯ ಸಲುವಾಗಿ ಒಂದು ಉದಾಹರಣೆ ಹಿಡಿಯೋಣ. ಹೊಸ ಫೋನು 12,000 ರೂಪಾಯಿ, ನಾಲ್ಕು ವರ್ಷ ಅಂದರೆ 48 ತಿಂಗಳು ಬಾಳುವದು ಎನ್ನೋಣ. ತಿಂಗಳಿಗೆ 250 ರೂಪಾಯಿ ಬಿದ್ದಿತು. ಹಳೆಯ ಫೋನಿಗೆ 1,200 ರೂಪಾಯಿಯ ಬ್ಯಾಟರಿ ಹಾಕಿಸಿದರೆ ಇನ್ನೊಂದು ವರ್ಷ ಬರುವದೆನ್ನೋಣ. ತಿಂಗಳಿಗೆ 100 ರೂಪಾಯಿ. ಇಲ್ಲಿ ದುರಸ್ತಿಯೇ ಲಾಭ.

ಅದೇ ಫೋನಿನ ಪರದೆಯೂ ಒಡೆದಿದ್ದು ಅದಕ್ಕೆ 3,500 ರೂಪಾಯಿ ಬೇಕೆನ್ನೋಣ. ಬ್ಯಾಟರಿ ಕೂಡಿ 4,700 ಆಯಿತು. ಒಂದೇ ವರ್ಷ ಬರುವದಾದರೆ ತಿಂಗಳಿಗೆ 392 ರೂಪಾಯಿ ಬೀಳುವದು. ಇಲ್ಲಿ ದುರಸ್ತಿ ಮಾಡಿಸುವವನು ನಷ್ಟದಲ್ಲಿ ಬಿದ್ದನು. ನಿಮ್ಮ ಊರಿನ ದರ ಹಾಕಿ ನೀವೇ ಈ ಲೆಕ್ಕ ಮಾಡಿಕೊಳ್ಳಿರಿ. ಒಂದು ಎಚ್ಚರ: ಭದ್ರತೆಯ ತೇಪೆ ನಿಂತುಹೋದ ಫೋನಿಗೆ, ರೊಕ್ಕದ ಕೆಲಸ ಅದರಲ್ಲಿಯೇ ಇದ್ದರೆ, ದೊಡ್ಡ ದುರಸ್ತಿ ಮಾಡಿಸಲೇಬಾರದು.

ಕಾಯ್ದರೆ ಅಗ್ಗವಾಗುವದೆ?

'ಆರು ತಿಂಗಳು ತಡೆದರೆ ಬೆಲೆ ಇಳಿಯುವದು' ಎಂಬ ಮಾತು ಅನೇಕ ವರ್ಷ ನಿಜವಾಗಿತ್ತು. ಈಗ ಅದನ್ನು ನೆಚ್ಚುವಂತಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಲೋಕದಲ್ಲೆಲ್ಲ ಜೋರಾಗಿ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಗಣಕ ಕೇಂದ್ರಗಳು ಆ ಚಿಪ್ಪುಗಳನ್ನು ರಾಶಿಗಟ್ಟಲೆ ಕೊಳ್ಳತೊಡಗಿದ್ದೇ ಅದಕ್ಕೆ ಮುಖ್ಯ ಕಾರಣ. ಅದೇ ಬಗೆಯ ಚಿಪ್ಪು ಮೊಬೈಲಿಗೂ ಬೇಕಾದ್ದರಿಂದ ಆ ಬಿಸಿ ಅಗ್ಗದ ಫೋನುಗಳಿಗೇ ಹೆಚ್ಚು ತಟ್ಟುವದು. ತೆರಿಗೆ ಇಳಿದೀತೆಂದು ಕಾಯ್ದವರೂ ಇದ್ದರು. 2025ರ ಸೆಪ್ಟೆಂಬರ್ 22ರಂದು ಟ್ರಾಕ್ಟರಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು, ಮೊಬೈಲಿನದು 18ರಲ್ಲಿಯೇ ಉಳಿಯಿತು. ಆದುದರಿಂದ ಹಳೆಯ ಫೋನು ಕೆಲಸ ಮಾಡುತ್ತಿದೆ ಎಂಬ ಕಾರಣಕ್ಕೆ ಕಾಯಿರಿ, ಬೆಲೆ ಇಳಿಯುವದೆಂಬ ಕಾರಣಕ್ಕೆ ಕಾಯಬೇಡಿರಿ.

ಬದಲಿಸುವದು ನಿಶ್ಚಯವಾದರೆ ಯಾವಾಗ ಎಂಬದೂ ಮುಖ್ಯ. ಗಾಳಿ ಬಂದಾಗ ತೂರಿಕೊಳ್ಳಬೇಕು. ಮುಂಗಾರಿ ಬೆಳೆಯ ನೋಂದು ಬಹುಮಟ್ಟಿಗೆ ಆಗಸ್ಟಿನಿಂದ ನಡೆಯುವದು. ಆ ಗಡಿಬಿಡಿಯಲ್ಲಿ ಹೊಸ ಫೋನು ಹಿಡಿದು ಕಲಿಯುತ್ತ ಕೂಡುವದು ಬೇಡ. ತೊಗರಿಯ ರಾಶಿಯಾಗಿ ಕೈಯಲ್ಲಿ ರೊಕ್ಕ ಬಂದಾಗ, ಹಳೆಯದು ಇನ್ನೂ ಉಸಿರಾಡುತ್ತಿರುವಾಗಲೇ ಬದಲಿಸಿದರೆ ಫೋನು ನಂಬರುಗಳು, ಫೋಟೋಗಳು, ಉತಾರದ ಪ್ರತಿಗಳು ಎಲ್ಲವೂ ಸುರಕ್ಷಿತವಾಗಿ ದಾಟುವವು. ಪೂರ್ಣ ಸತ್ತ ಫೋನಿನಿಂದ ಅವನ್ನು ತೆಗೆಯುವದು ಕಷ್ಟ. ಹೊಸ ಫೋನಿನಲ್ಲಿ ಯುಪಿಐ ಹಾಕಿದ ಮೊದಲ 24 ತಾಸು ರೊಕ್ಕ ಕಳಿಸುವ ಮಿತಿ ಕಡಿಮೆ ಇರುವದುಂಟು. ಬೀಜ-ಗೊಬ್ಬರ ತರಲು ಹೋಗುವ ದಿನವೇ ಫೋನು ಬದಲಿಸಬೇಡಿರಿ.

ಬೆಳೆ ಸಾಲದ ರೊಕ್ಕವನ್ನು ಇದಕ್ಕೆ ಮುಟ್ಟಬಾರದು. 'ಬಡ್ಡಿಯಿಲ್ಲದ ಕಂತು' ಎಂದು ಹೇಳಿದಲ್ಲಿ ಪ್ರಕ್ರಿಯೆಯ ಶುಲ್ಕ ಎಷ್ಟು, ಕಂತು ತಪ್ಪಿದರೆ ದಂಡ ಎಷ್ಟು ಎಂದು ಬರೆಸಿಕೊಳ್ಳಿರಿ. ಒಕ್ಕಲಿಗನ ಆದಾಯ ಹಂಗಾಮಿಗೊಮ್ಮೆ, ಕಂತು ತಿಂಗಳಿಗೊಮ್ಮೆ. ಈ ಎರಡು ಸುಲಭವಾಗಿ ಹೊಂದುವದಿಲ್ಲ.

ಕೊಳ್ಳುವಾಗ ಕೇಳುವ ಪ್ರಶ್ನೆಗಳು

ಅಂಗಡಿಯಲ್ಲಿ ಕ್ಯಾಮೆರಾದ ಅಂಕಿ ಕೇಳುವ ಮೊದಲು 'ಇದಕ್ಕೆ ಭದ್ರತೆಯ ತೇಪೆ ಯಾವ ವರ್ಷದವರೆಗೆ ಬರುವದು?' ಎಂದು ಕೇಳಿರಿ. ಇದರಲ್ಲಿ ಫೋನಿಗೂ ಫೋನಿಗೂ ಬಹಳ ಅಂತರವಿದೆ. 2024ರಲ್ಲಿ ಬಂದ ದುಬಾರಿಯ ಗ್ಯಾಲಕ್ಸಿ ಎಸ್24ಕ್ಕೆ ಕಂಪನಿಯು ಏಳು ವರ್ಷದ ಮಾತು ಕೊಟ್ಟಿತು. ಅದೇ ವರ್ಷ ಬಂದ, ಬಹಳ ಕಡಿಮೆ ಬೆಲೆಯ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷ ಹೇಳಿತು. ಅನೇಕ ಅಗ್ಗದ ಫೋನುಗಳಿಗೆ ಎರಡು ಮೂರು ವರ್ಷಕ್ಕೇ ಮುಗಿಯುವದು. ಈ ವರ್ಷಗಳನ್ನು ಎಣಿಸುವದು ಆ ಮಾದರಿಯು ಪೇಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಎರಡು ವರ್ಷ ಹಳೆಯ ಮಾದರಿ ಅಗ್ಗಕ್ಕೆ ಸಿಕ್ಕಿತೆಂದರೆ ಅದರ ಆಯುಷ್ಯದಲ್ಲಿ ಎರಡು ವರ್ಷ ಮೊದಲೇ ಕಳೆದಿದೆ ಎಂದು ಅರ್ಥ.

ಕೊಂಡ ಮೇಲೆ ಅಂಗಡಿಕಾರನು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಹಚ್ಚಿಕೊಟ್ಟಾನು. ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡವೂ ಇರುವದು. ಮನೆಯ ಹಿರಿಯರು ಓದಬಲ್ಲ ಲಿಪಿಯಲ್ಲಿ ಫೋನಿದ್ದರೆ ಅವರು ಪ್ರತಿಯೊಂದಕ್ಕೂ ಪರರ ಕೈ ಕಾಯುವದು ತಪ್ಪುವದು, ಮೋಸವೂ ಕಡಿಮೆಯಾಗುವದು.

ಬಳಸಿದ ಫೋನು ಕೊಳ್ಳುವವರು ಪಾವತಿ ಇಲ್ಲದೆ ಕೊಳ್ಳಬಾರದು. *#06# ಎಂದು ಒತ್ತಿದರೆ ಆ ಫೋನಿನ 15 ಅಂಕಿಯ ಗುರುತು ಸಂಖ್ಯೆ ಕಾಣುವದು. ಇಂಗ್ಲಿಷಿನ ಕೆ, ವೈ, ಎಂ ಎಂಬ ಮೂರು ಅಕ್ಷರ ಬರೆದು, ಒಂದು ಜಾಗ ಬಿಟ್ಟು, ಆ 15 ಅಂಕಿ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಅದರ ವಿವರ ಬರುವದು. ಕಳುವಿನ ಫೋನು ತಡೆಯಲ್ಪಟ್ಟಿದ್ದರೆ ಅಲ್ಲಿಯೇ ತಿಳಿಯುವದು. ಕೇಂದ್ರ ಸರಕಾರವು 2023ರ ಮೇ ತಿಂಗಳಲ್ಲಿ ತೆರೆದ 'ಸಂಚಾರ ಸಾಥಿ'ಯಲ್ಲಿಯೂ ಇದನ್ನು ನೋಡಬಹುದು, ನಿಮ್ಮದೇ ಫೋನು ಕಳೆದರೆ ಅಲ್ಲಿಂದ ಅದನ್ನು ತಡೆಸಬಹುದು.

ಹಳೆಯದನ್ನು ತಿಪ್ಪೆಗೆ ಎಸೆಯಬೇಡಿರಿ

ಹಳೆಯ ಫೋನನ್ನು ಕೊಡುವ ಮುನ್ನ ಸಿಮ್ಮು, ಮೆಮೊರಿ ಕಾರ್ಡು ತೆಗೆದು, ಒಳಗಿನದನ್ನೆಲ್ಲ ಅಳಿಸಿರಿ. ನಿರುಪಯೋಗಿಯಾದ ಫೋನನ್ನಾಗಲಿ ಬ್ಯಾಟರಿಯನ್ನಾಗಲಿ ತಿಪ್ಪೆಗೆ ಹಾಕಬಾರದು. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುವದು, ಅದರೊಡನೆ ವಿಷವೂ ಹೋಗುವದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯದ ನಿಯಮಗಳ ಪ್ರಕಾರ ಇಂಥ ವಸ್ತುಗಳ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಪಟ್ಟಣಕ್ಕೆ ಹೋದಾಗ ಕಂಪನಿಯ ಸೇವಾ ಕೇಂದ್ರದಲ್ಲಿ ಕೇಳಿ ಒಪ್ಪಿಸಿರಿ.

ಒಟ್ಟಿನಲ್ಲಿ ನಾವು ಹೇಳುವದು ಇಷ್ಟು. ತೇಪೆ ಬರುತ್ತಿದ್ದು, ಬೇನೆ ಬ್ಯಾಟರಿಯದೋ ಜಾಗದ್ದೋ ಆಗಿದ್ದರೆ ದುರಸ್ತಿ ಮಾಡಿಸಿ ಕಾಯಿರಿ. ತೇಪೆ ನಿಂತಿದ್ದು, ಮನೆಯಲ್ಲಿ ಬೇರೆ ಫೋನಿದ್ದರೆ ರೊಕ್ಕದ ಕೆಲಸವನ್ನು ಅದಕ್ಕೆ ಸಾಗಿಸಿ ಕಾಯಿರಿ. ತೇಪೆ ನಿಂತಿದ್ದು, ಅದೊಂದೇ ಫೋನಾಗಿದ್ದರೆ ರಾಶಿಯ ರೊಕ್ಕ ಬಂದೊಡನೆ ಬದಲಿಸಿರಿ. ಬ್ಯಾಟರಿ ಉಬ್ಬಿದ್ದರೆ ಇಂದೇ ಬಳಕೆ ನಿಲ್ಲಿಸಿರಿ. ಮುಂಗಾರಿಯ ನೋಂದಿಗೆ ಮುಂಚೆ ಒಂದು ಸಲ ಹಳೆಯ ಫೋನನ್ನು ಹೊಲಕ್ಕೆ ಒಯ್ದು, ಬಯಲಿನಲ್ಲಿ ನಿಂತು, ಇಂಟರ್ನೆಟ್ಟು, ಸ್ಥಳ ಗುರುತು ಎರಡನ್ನೂ ಹಚ್ಚಿ ಹತ್ತು ಫೋಟೋ ತೆಗೆದು ನೋಡಿರಿ. ಆರದೆ ನಿಂತಿತೆಂದರೆ ಈ ಹಂಗಾಮಿಗೆ ಅದು ಸಾಕು. ಆರಿತೆಂದರೆ ಕಾರಣ ಹುಡುಕಲಿಕ್ಕೆ ನಿಮಗಿನ್ನೂ ಸಮಯವಿದೆ.